ವೀಸಾ ಅಸಲಿ, ಕೆಲಸ ಮಾತ್ರ ಇರಲಿಲ್ಲ

ನನಗೆ ಯಾರೂ ನಕಲಿ ವೀಸಾ ಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆ ಕೇಳಿದವರೆಲ್ಲ "ಪೇಪರ್ ಸರಿಯಾಗಿ ನೋಡಬೇಕಿತ್ತಮ್ಮಾ" ಅನ್ನುತ್ತಾರೆ. ನೋಡಿದ್ದೆ. ಕಂಪನಿ ಬ್ರಿಟನ್ ಸರ್ಕಾರದ ಸ್ಪಾನ್ಸರ್ ಪಟ್ಟಿಯಲ್ಲಿತ್ತು, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಲೈಸೆನ್ಸ್ ಪಡೆದ ಕಂಪನಿಗಳ ಪಟ್ಟಿ. ಎ ರೇಟಿಂಗ್ ಬೇರೆ. ಸ್ಪಾನ್ಸರ್‌ಶಿಪ್ ನಂಬರ್ ಅಸಲಿ. ವೀಸಾ ಕೊಟ್ಟಿದ್ದು ಅಲ್ಲಿನ ಗೃಹ ಇಲಾಖೆ, ಹೋಮ್ ಆಫೀಸೇ. ಎಲ್ಲಾ ಇತ್ತು, ಕೆಲಸ ಒಂದು ಇರಲಿಲ್ಲ.

2022ರ ಜನವರಿಯಲ್ಲಿ ಎಂಎಸ್ಸಿ ಓದಲು ಲೆಸ್ಟರ್‌ಗೆ ಹೋದೆ. ಗಂಡ ಡಿಪೆಂಡೆಂಟ್ ಆಗಿ ಜೊತೆಗೆ ಬಂದರು, ವೇರ್‌ಹೌಸ್ ಒಂದರಲ್ಲಿ ರಾತ್ರಿ ಪಾಳಿ ಹಿಡಿದರು. ಓದು ಮುಗಿದು 2023ರ ಮಾರ್ಚ್‌ನಲ್ಲಿ ಗ್ರಾಜುಯೇಟ್ ವೀಸಾ ಸಿಕ್ಕಿತು. ನಮ್ಮವರು ಅದನ್ನು ಇನ್ನೂ ಪಿಎಸ್‌ಡಬ್ಲ್ಯೂ (ಪೋಸ್ಟ್ ಸ್ಟಡಿ ವರ್ಕ್) ಅಂತಲೇ ಕರೆಯುತ್ತಾರೆ. ಫೀಸು 715 ಪೌಂಡ್, ಅದರ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಎರಡು ವರ್ಷದ ಹೆಲ್ತ್ ಸರ್‌ಚಾರ್ಜ್ 1,248 ಪೌಂಡ್. ದುಬಾರಿಯೇ. ಆದರೆ ಆ ವೀಸಾದಲ್ಲಿ ಯಾರ ಹಂಗೂ ಇಲ್ಲ. ಸ್ಪಾನ್ಸರ್ ಬೇಡ. ಸಿಕ್ಕ ಕೆಲಸ ಮಾಡಬಹುದು, ಸರಿ ಬರದಿದ್ದರೆ ಬಿಡಬಹುದು. ನನ್ನದು 2025ರ ಮಾರ್ಚ್‌ವರೆಗೆ ಇತ್ತು.

2023ರ ಡಿಸೆಂಬರ್ 4, ಸೋಮವಾರ. ಆಗಿನ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಸಂಸತ್ತಿನಲ್ಲಿ ಹೊಸ ನಿಯಮಗಳನ್ನು ಓದಿದರು. ಕಂಪನಿಯೊಂದು ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾಗೆ ಬೇಕಾದ ಸಂಬಳ 26,200 ಪೌಂಡಿನಿಂದ 38,700ಕ್ಕೆ ಏರುತ್ತದೆ. ಕೇರ್ ವರ್ಕರ್‌ಗಳು, ಅಂದರೆ ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವವರು, ಇನ್ನು ಮುಂದೆ ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳುವಂತಿಲ್ಲ. ಅವತ್ತು ರಾತ್ರಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ಫೋನ್ ಬಂತು. ಹಿಂದಿನ ತಿಂಗಳು ದೀಪಾವಳಿ ಊಟದಲ್ಲಿ ಪರಿಚಯವಾಗಿದ್ದ ಮನುಷ್ಯ. "ಅಕ್ಕಾ, ನಾನೂ ದಾವಣಗೆರೆ ಕಡೆಯವನೇ" ಎಂದು ಒಬ್ಬಟ್ಟು ಬಡಿಸಿಕೊಂಡಿದ್ದ. ಪರದೇಶದಲ್ಲಿ ನಮ್ಮೂರಿನ ಕನ್ನಡ ಕಿವಿಗೆ ಬಿದ್ದರೆ ಅರ್ಧ ಬುದ್ಧಿ ಅಲ್ಲೇ ಕರಗುತ್ತದೆ. ಅವನು ಹೇಳಿದ್ದು ಇಷ್ಟು: ಮಾರ್ಚ್ ಒಳಗೆ ಕೇರ್ ವೀಸಾಗೆ ಬದಲಾಗಿ, ಆಮೇಲೆ ಬದಲಾದರೆ ನಿಮ್ಮ ಯಜಮಾನರು ಊರಿಗೆ ವಾಪಸ್ ಹೋಗಬೇಕು.

ಇದು ಸುಳ್ಳಲ್ಲ. ನಿಯಮ 2024ರ ಮಾರ್ಚ್ 11ಕ್ಕೆ ಜಾರಿಯಾಯಿತು, ಅವನು ಹೇಳಿದಂತೆಯೇ ಆಯಿತು. ಸುಳ್ಳು ಹೇಳಿದ್ದರೆ ಹಿಡಿಯುತ್ತಿದ್ದೆನೇನೋ. ಅವನು ಹೇಳದೆ ಬಿಟ್ಟದ್ದು ಬೇರೆ. ನನ್ನ ಪಿಎಸ್‌ಡಬ್ಲ್ಯೂನಲ್ಲಿ ಇನ್ನೂ 15 ತಿಂಗಳು ಬಾಕಿ ಇತ್ತು. ಅಷ್ಟು ದಿನ ನಿಧಾನವಾಗಿ, ನಾನು ಓದಿದ ಓದಿಗೆ ತಕ್ಕ ಕೆಲಸ ಹುಡುಕಬಹುದಿತ್ತು. ಪಿಎಸ್‌ಡಬ್ಲ್ಯೂ ಒಬ್ಬರಿಗೆ ಒಂದೇ ಸಲ. ಬಿಟ್ಟುಕೊಟ್ಟರೆ ಮತ್ತೆ ಬರುವುದಿಲ್ಲ. ಇದೆಲ್ಲ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ, ನಾನೂ ಓದಿದ್ದೆ. ಭಯ ಬಿದ್ದವರಿಗೆ ಓದಿದ್ದು ನೆನಪಿರುವುದಿಲ್ಲ, ಅಷ್ಟೇ.

ಅವನ ದರ 14,000 ಪೌಂಡ್. ಇವರಿಗೆ ನಮ್ಮಲ್ಲಿ ಕೆಲಸ ಇದೆ ಎಂದು ಕಂಪನಿ ವೀಸಾಗಾಗಿ ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಅನ್ನು ಅಲ್ಲಿ ಎಲ್ಲರೂ ಚಿಕ್ಕದಾಗಿ 'ಕಾಸ್' ಅನ್ನುತ್ತಾರೆ. "ಕಾಸ್‌ಗೆ ಎಷ್ಟು ಕಾಸು" ಅಂತ ನಾವೇ ತಮಾಷೆ ಮಾಡುತ್ತಿದ್ದೆವು. ಚನ್ನಗಿರಿ ಹತ್ತಿರದ ಅಡಿಕೆ ತೋಟ ಅಡ ಇಟ್ಟು ಅಪ್ಪ 14.5 ಲಕ್ಷ ಹೊಂದಿಸಿದರು. ಒಂದಿಷ್ಟು ಬೆಂಗಳೂರಿನ ಯಾರದೋ ಖಾತೆಗೆ ಹೋಯಿತು, ಉಳಿದದ್ದು ಲೆಸ್ಟರ್‌ನಲ್ಲಿ ನಗದು. ರಶೀದಿ ಕೇಳಿದೆ. "ಇಂಥದ್ದಕ್ಕೆಲ್ಲ ರಶೀದಿ ಇರತ್ತಾ ಅಕ್ಕಾ" ಎಂದು ನಕ್ಕ. ನಾನೂ ನಕ್ಕೆ.

ಈಗ ನಿಜವಾದ ಲೆಕ್ಕ ಕೇಳಿ. ಆ ಹೊತ್ತಿಗೆ ಹೆಲ್ತ್ ಅಂಡ್ ಕೇರ್ ವೀಸಾದ ಫೀಸು ಮೂರು ವರ್ಷಕ್ಕೆ 284 ಪೌಂಡ್. ಗಂಡನಿಗೂ ಅಷ್ಟೇ. ಈ ವೀಸಾಗೆ ಹೆಲ್ತ್ ಸರ್‌ಚಾರ್ಜ್ ಇಲ್ಲ. ಕಾಸ್‌ನ ಸರ್ಕಾರಿ ಶುಲ್ಕ ಆಗ 239 ಪೌಂಡ್, ಅದು ಕಂಪನಿಯ ಖರ್ಚು. ಹೊರದೇಶದವರನ್ನು ಸೇರಿಸಿಕೊಳ್ಳುವ ಕಂಪನಿ ಸರ್ಕಾರಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ಅಂತ ಇನ್ನೊಂದಿದೆ, ಚಿಕ್ಕ ಕಂಪನಿಗೆ ಆಗ ವರ್ಷಕ್ಕೆ 364 ಪೌಂಡ್. ಅದನ್ನು ಕೆಲಸಗಾರರಿಂದ ವಸೂಲಿ ಮಾಡುವಂತೆಯೇ ಇಲ್ಲ. ಕೆಲಸ ಕೊಡಿಸುತ್ತೇನೆ ಎಂದು ಅಭ್ಯರ್ಥಿಯ ಹತ್ತಿರ ಫೀಸು ಕೇಳುವುದೇ ಬ್ರಿಟನ್‌ನಲ್ಲಿ ಕಾನೂನಿಗೆ ವಿರುದ್ಧ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆ ಇದೆ. ಅದರ ಪ್ರಕಾರ ನೋಂದಾಯಿತ ಏಜೆಂಟ್ ಕೂಡ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಯಾರು ನೋಂದಾಯಿತರು ಅಂತ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ನಾನು ಇದನ್ನೆಲ್ಲ ನೋಡಿದ್ದು ತೋಟದ ದುಡ್ಡು ಖರ್ಚಾದ ಮೇಲೆ.

ವೀಸಾ 2024ರ ಜನವರಿಯಲ್ಲಿ ಬಂತು. ಕಾಸ್‌ನಲ್ಲಿ ನನ್ನ ಹುದ್ದೆಯ ಕೋಡ್ 6145, ಅಂದರೆ ಕೇರ್ ವರ್ಕರ್. ವಾರಕ್ಕೆ 37.5 ಗಂಟೆ, ವರ್ಷಕ್ಕೆ 20,960 ಪೌಂಡ್. ಆಗ ನಿಯಮ ಕೇಳುತ್ತಿದ್ದ ಕನಿಷ್ಠ ಸಂಬಳ ಸರಿಯಾಗಿ ಅಷ್ಟೇ, ಒಂದು ಪೌಂಡೂ ಜಾಸ್ತಿ ಇಲ್ಲ. ಮೊದಲ ಐದು ವಾರ ಮನೆಯಲ್ಲೇ ಕೂತು ಟ್ರೈನಿಂಗ್ ವಿಡಿಯೊ ನೋಡು ಅಂದರು. ಆಮೇಲೆ ರೋಟಾ, ಅಂದರೆ ಪಾಳಿಯ ಪಟ್ಟಿ ಬಂತು. ಇಡೀ ವಾರಕ್ಕೆ ಹತ್ತು ಗಂಟೆ. ಮುಂದಿನ ವಾರ ಹನ್ನೆರಡು. ಬೆಳಿಗ್ಗೆ ಏಳಕ್ಕೆ ಒಬ್ಬ ಅಜ್ಜಿಯ ಮನೆಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಗಂಜಿ ಮಾಡಿಡಬೇಕು, ಅರ್ಧ ಗಂಟೆ. ಎರಡು ಬಸ್ ಬದಲಾಯಿಸಿ ಇನ್ನೊಂದು ಮನೆ. ಬಸ್ಸಿನ ಸಮಯಕ್ಕೆ ಸಂಬಳ ಇಲ್ಲ. ಕೆಲಸದ ಬಗ್ಗೆ ನನ್ನ ತಕರಾರಿಲ್ಲ, ನಿಜಕ್ಕೂ ಇಷ್ಟವಾಗಿತ್ತು. ಆ ಅಜ್ಜಿ ನನ್ನ ಹೆಸರನ್ನು ಮೂರು ತಿಂಗಳು ತಪ್ಪು ಹೇಳಿ ಕೊನೆಗೆ ಕಲಿತರು.

ನಾಚಿಕೆಯ ಭಾಗ ಇನ್ನು ಮುಂದೆ. ತಿಂಗಳ ಕೊನೆಗೆ ಬ್ಯಾಂಕಿಗೆ ಪೂರ್ತಿ ಸಂಬಳ ಬರುತ್ತಿತ್ತು, ತೆರಿಗೆ ಕಳೆದು 1,530 ಪೌಂಡ್ ಆಸುಪಾಸು. ಮರುದಿನ ಮ್ಯಾನೇಜರ್ ಫೋನ್. ಅದರಲ್ಲಿ 800 ಪೌಂಡ್ ನಗದಾಗಿ ಹಿಂದಕ್ಕೆ ಕೊಡಬೇಕು. 37.5 ಗಂಟೆಯ ಸಂಬಳ ಕಾಗದದಲ್ಲಿ ಕಾಣಿಸದಿದ್ದರೆ ಹೋಮ್ ಆಫೀಸ್ ಹಿಡಿಯುತ್ತದೆ, ನಿಜವಾಗಿ ಕೊಡಲು ಅವರಲ್ಲಿ ಅಷ್ಟು ಕೆಲಸವೇ ಇಲ್ಲ. ಅದಕ್ಕೇ ಈ ಆಟ. ಅಲ್ಲಿನ ತೆರಿಗೆ ಇಲಾಖೆಯ ಆ್ಯಪ್ ತೆರೆದರೆ ನಾನು ತಿಂಗಳಿಗೆ 1,746 ಪೌಂಡ್ ದುಡಿಯುವ ಹೆಣ್ಣುಮಗಳು. ಕೈಯಲ್ಲಿ ಬಾಡಿಗೆಗೂ ಸಾಲದು. ಎಂಟು ತಿಂಗಳು ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ಹಾಗಾಗಿ ಬರೀ ಮೋಸ ಹೋದವಳು ಅಂತ ನನ್ನನ್ನು ನಾನು ಕರೆದುಕೊಳ್ಳಲಾರೆ.

ಕೆಲಸ ಬಿಡಬಹುದಿತ್ತಲ್ಲಾ? ಬಿಟ್ಟರೆ ವೀಸಾ ಹೋಗುತ್ತದೆ, ಜೊತೆಗೆ ಗಂಡನದ್ದೂ. ಸ್ಪಾನ್ಸರ್ ಒಂದು ಮಾತು ವರದಿ ಮಾಡಿದರೆ ಸಾಕು. ಮ್ಯಾನೇಜರ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಆಗಾಗ ಸುಮ್ನೆ ನೆನಪಿಸುತ್ತಿದ್ದರು.

2024ರ ಆಗಸ್ಟ್‌ನಲ್ಲಿ ಅಧಿಕಾರಿಗಳು ಕಂಪನಿಗೆ ಬಂದರು. ಸ್ಪಾನ್ಸರ್ ಲೈಸೆನ್ಸ್ ಮೊದಲು ಅಮಾನತು, ಆಮೇಲೆ ರದ್ದು. ನವೆಂಬರ್ 18ರಂದು ನನಗೆ ಇಮೇಲ್ ಬಂತು. ಅದಕ್ಕೆ ಕರ್ಟೇಲ್‌ಮೆಂಟ್ ಲೆಟರ್ ಅನ್ನುತ್ತಾರೆ, ವೀಸಾದ ಅವಧಿ ಮೊಟಕು ಮಾಡುವ ಪತ್ರ. 60 ದಿನದೊಳಗೆ ಹೊಸ ಸ್ಪಾನ್ಸರ್ ಹುಡುಕಿ ಅರ್ಜಿ ಹಾಕಬೇಕು, ಇಲ್ಲವಾದರೆ ದೇಶ ಬಿಡಬೇಕು. ನಾನೊಬ್ಬಳೇ ಅಲ್ಲ. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಕೇರ್ ಕ್ಷೇತ್ರದಲ್ಲೇ 470ಕ್ಕೂ ಹೆಚ್ಚು ಲೈಸೆನ್ಸ್ ರದ್ದಾಗಿವೆ, 39,000ಕ್ಕೂ ಹೆಚ್ಚು ಕೆಲಸಗಾರರು ಆ ಕಂಪನಿಗಳಿಗೆ ಸೇರಿದವರು ಎಂದು ಅಲ್ಲಿನ ಸರ್ಕಾರವೇ ಹೇಳಿದೆ. ನಾವೆಲ್ಲ ಒಂದೇ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆವು ಅನ್ನಿಸುತ್ತಿತ್ತು. ಕೆಲವರು ಡ್ರೈವಿಂಗ್ ಬರುತ್ತಾ ಅಂದರು. ಕೆಲವರು ನಮ್ಮಲ್ಲಿ ಕಾಸ್ ಖಾಲಿ ಅಂದರು. ಇಬ್ಬರು ದುಡ್ಡು ಕೇಳಿದರು.

ಆಗ ಮತ್ತೆ ಬಂದ, ನಮ್ಮೂರ ಕಡೆಯವನು. ಈ ಸಲ ಮಾಲು ಬೇರೆ, "ಇನ್ವೆಸ್ಟರ್ ವೀಸಾ". 30,000 ಪೌಂಡ್ ಒಂದು ಕಂಪನಿಯಲ್ಲಿ ಹೂಡಿ, ನಿಮ್ಮನ್ನು ಡೈರೆಕ್ಟರ್ ಮಾಡುತ್ತಾರೆ, ಅದೇ ಕಂಪನಿ ನಿಮಗೆ ಸ್ಪಾನ್ಸರ್ ಮಾಡುತ್ತದೆ. "ಈಗ ನೀವು ಕೂಲಿ ಅಲ್ಲ ಅಕ್ಕಾ, ಓನರ್."

ಗಂಡ ಕಣ್ಣರಳಿಸಿದರು. ನಾನು ಲ್ಯಾಪ್‌ಟಾಪ್ ತೆರೆದೆ. ಬ್ರಿಟನ್‌ನ ಇನ್ವೆಸ್ಟರ್ ವೀಸಾಗೆ ಕನಿಷ್ಠ ಹೂಡಿಕೆ 20 ಲಕ್ಷ ಪೌಂಡ್ ಇತ್ತು, ಹೊಸ ಅರ್ಜಿಗಳಿಗೆ ಅದನ್ನು 2022ರ ಫೆಬ್ರುವರಿ 17ರಂದೇ ಮುಚ್ಚಿದ್ದರು. ಬಾಗಿಲು ಮುಚ್ಚಿ ಹತ್ತಿರ ಹತ್ತಿರ ಮೂರು ವರ್ಷ, ಇವನು ಇನ್ನೂ ಟಿಕೆಟ್ ಮಾರುತ್ತಿದ್ದಾನೆ! ಈಗ ಇರುವುದು ಇನೋವೇಟರ್ ಫೌಂಡರ್ ವೀಸಾ. 2023ರ ಏಪ್ರಿಲ್‌ನಿಂದ ಅದಕ್ಕೆ ಇಷ್ಟೇ ಬಂಡವಾಳ ಬೇಕು ಅಂತಿಲ್ಲ. ಆದರೆ ನಿಮ್ಮದೇ ಹೊಸ ಐಡಿಯಾ ಬೇಕು, ಈಗಾಗಲೇ ನಡೆಯುತ್ತಿರುವ ಅಂಗಡಿಯಲ್ಲಿ ದುಡ್ಡು ಹಾಕಿದರೆ ನಡೆಯದು. ಸರ್ಕಾರ ಒಪ್ಪಿದ ಸಂಸ್ಥೆಯೊಂದು ಅದನ್ನು ಪರೀಕ್ಷಿಸಿ ಅನುಮೋದಿಸಬೇಕು. ಪರೀಕ್ಷೆಗೆ 1,000 ಪೌಂಡ್, ಆಮೇಲಿನ ಪ್ರತಿ ಭೇಟಿಗೆ 500. ಅವನು ಕೊಡುತ್ತಿದ್ದದ್ದು ಇದೂ ಅಲ್ಲ. ಇನ್ನೊಂದು ಸಣ್ಣ ಕಂಪನಿಯ ಅದೇ ಹಳೇ ಕಾಸ್. ಲಂಚಕ್ಕೆ 'ಹೂಡಿಕೆ' ಅಂತ ಹೆಸರಿಟ್ಟಿದ್ದ, ಅಷ್ಟೇ. ಆ ರಾತ್ರಿ ಮನೆಯಲ್ಲಿ ದೊಡ್ಡ ಜಗಳ. "ನಮ್ಮಪ್ಪನ ತೋಟ ಆಯ್ತು, ಇನ್ನು ನಿಮ್ಮಪ್ಪನ ಮನೆ ಇಡೋಣವಾ?" ಎಂದುಬಿಟ್ಟೆ.

ಮರುವಾರ ಒಬ್ಬ ಸಾಲಿಸಿಟರ್, ಅಂದರೆ ವಕೀಲೆ ಹತ್ತಿರ ಹೋದೆವು, ಮೊದಲ ಅರ್ಧ ಗಂಟೆ ಉಚಿತ. ಬ್ರಿಟನ್‌ನಲ್ಲಿ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಅದಕ್ಕೆಂದೇ ಇರುವ ಸರ್ಕಾರಿ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಆ ಪಟ್ಟಿಯಲ್ಲಿ ನಮ್ಮವನ ಹೆಸರಿಲ್ಲ. ಆಕೆ ಫೈಲ್ ಮುಟ್ಟಲೇ ಇಲ್ಲ, ಪ್ರಶ್ನೆ ಕೇಳಿದರು. ನಿನ್ನನ್ನು ಇಂಟರ್‌ವ್ಯೂ ಮಾಡಿದ್ದು ಯಾರು? ಸೇರುವ ಮೊದಲು ಆಫೀಸ್ ನೋಡಿದ್ದೆಯಾ? ಅಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಒಬ್ಬರ ಜೊತೆಯಾದರೂ ಮಾತಾಡಿದ್ದೆಯಾ? ಹಿಂದಿನ ತಿಂಗಳು ಅವರಿಗೆ ಎಷ್ಟು ಗಂಟೆ ಸಿಕ್ಕಿತ್ತು? ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ. ಇಂಟರ್‌ವ್ಯೂ ಇಲ್ಲದೆ ಕೆಲಸ ಸಿಕ್ಕಿದ್ದನ್ನು ನಾನು ಅದೃಷ್ಟ ಅಂದುಕೊಂಡಿದ್ದೆ. ಆಕೆ ಕೊನೆಗೆ ಹೇಳಿದ್ದು, ಸ್ಪಾನ್ಸರ್ ಸಿಗದಿದ್ದರೆ 60 ದಿನಕ್ಕಿಂತ ಒಂದು ದಿನವೂ ಜಾಸ್ತಿ ಉಳಿಯಬೇಡ, ಮುಂದೆ ಯಾವ ವೀಸಾ ಕೇಳಿದರೂ ಅದು ಅಡ್ಡ ಬರುತ್ತದೆ.

2025ರ ಜನವರಿ 13ಕ್ಕೆ ಊರು ಸೇರಿದೆವು. ಮರುದಿನ ಸಂಕ್ರಾಂತಿ. ಎಳ್ಳು ಬೆಲ್ಲ ತಂದವರೆಲ್ಲ "ಎಷ್ಟು ದಿನ ರಜಾ?" ಅಂತ ಕೇಳಿದರು. ದೂರು ಕೊಟ್ಟಿದ್ದೇವೆ. ನಗದಿಗೆ ಸಾಕ್ಷಿ ಇಲ್ಲ, ಖಾತೆಯ ಹೆಸರು ಅವನದ್ದಲ್ಲ. ತೋಟದ ಸಾಲಕ್ಕೆ ಇನ್ನೂ ಬಡ್ಡಿ ಕಟ್ಟುತ್ತಿದ್ದೇವೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಪಕ್ಕದ ಬೀದಿಯ ಹುಡುಗ. ಹೋದ ವಾರ ಒಂದು ಆಫರ್ ಲೆಟರ್ ಹಿಡಿದು ಬಂದ, "ಅಕ್ಕಾ ಅಸಲಿನಾ ನೋಡಿ" ಅಂತ. ಬ್ರಿಟನ್, ಕೇರ್ ವರ್ಕರ್. ನಾನು ಪಟ್ಟಿ ತೆರೆದು ನೋಡಿದೆ. ಕಂಪನಿ ಇದೆ, ಎ ರೇಟಿಂಗ್. ಆದರೆ 2025ರ ಜುಲೈ 22ರಿಂದ ಹೊರದೇಶದವರನ್ನು ಕೇರ್ ವರ್ಕರ್ ಆಗಿ ಹೊಸದಾಗಿ ಕರೆಸಿಕೊಳ್ಳುವುದನ್ನೇ ಬ್ರಿಟನ್ ನಿಲ್ಲಿಸಿದೆ. ಆಗಲೇ ಅಲ್ಲಿರುವವರು ವೀಸಾ ಬದಲಿಸಿಕೊಳ್ಳಲು ಮಾತ್ರ 2028ರ ಜುಲೈವರೆಗೆ ಅವಕಾಶ ಇದೆ. ಇವನು ಇರುವುದು ಚನ್ನಗಿರಿಯಲ್ಲಿ. ಸರ್ಕಾರದ ಪುಟವನ್ನೇ ತೋರಿಸಿದೆ. ಅವನು ನನ್ನೆದುರೇ ಏಜೆಂಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಅದು ಎಲ್ಲರಿಗೂ ಅಪ್ಲೈ ಆಗಲ್ಲ ತಮ್ಮಾ, ನಮಗೆ ಹಳೇ ಕೋಟಾ ಉಳಿದಿದೆ, ಬೇಗ ಮಾಡ್ಕೋಬೇಕು."

ಇಂಟರ್‌ವ್ಯೂ ಯಾವಾಗ ಅಂತ ಕೇಳು ಅಂದೆ. ಕೇಳಿದ. "ನಿಂಗೆ ಇಂಟರ್‌ವ್ಯೂ ಬೇಕಿಲ್ಲ, ನಾನು ಮಾತಾಡಿದೀನಿ" ಅಂತ ಉತ್ತರ ಬಂತು. ಹುಡುಗ ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಅವನಪ್ಪ ಎರಡು ಲಕ್ಷ ಅಡ್ವಾನ್ಸ್ ಆಗಲೇ ಕೊಟ್ಟಾಗಿದೆಯಂತೆ.