ನಂದಿಯ ತಪ್ಪಲೋ, ನಾಸಿಕ್ಕೋ: ಕೊಡಗಿನಿಂದ ಹೊರಟ ಎರಡು ವೈನ್ ಪ್ರವಾಸಗಳ ಹೋಲಿಕೆ

ಕಾಫಿ ತೋಟವಿರುವವರು ವೈನ್ ಪ್ರವಾಸಕ್ಕೆ ದಿನ ಗೊತ್ತುಮಾಡುವುದು ಸುಲಭವಲ್ಲ. ದ್ರಾಕ್ಷಿ ಕೊಯ್ದು ವೈನರಿಗೆ ತರುವ ಜನವರಿಯಿಂದ ಮಾರ್ಚ್‌ವರೆಗಿನ ಕಾಲದಲ್ಲೇ ನಮ್ಮಲ್ಲಿ ರೊಬಸ್ಟಾ ಕಾಫಿಯ ಕುಯ್ಲು ನಡೆದಿರುತ್ತದೆ. ಹಣ್ಣು ಕಣದಲ್ಲಿ ಒಣಗುವಷ್ಟರಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವ ಕೆಲಸ ಎದುರಿಗೆ ಬಂದು ನಿಲ್ಲುತ್ತದೆ. ಈ ಇಕ್ಕಟ್ಟಿನ ನಡುವೆಯೇ ನಾನು ಮತ್ತು ನನ್ನ ಭಾವ ಎರಡು ಪ್ರವಾಸ ಮುಗಿಸಿದೆವು. ಮೊದಲನೆಯದು ಆಗಸ್ಟ್‌ನಲ್ಲಿ, ಚನ್ನಪಟ್ಟಣದ ಮೂಲಕ ನಂದಿಬೆಟ್ಟದ ತಪ್ಪಲಿಗೆ, ಎರಡು ರಾತ್ರಿ. ಎರಡನೆಯದು ಮರುವರ್ಷದ ಮಾರ್ಚ್ ಮೊದಲ ವಾರದಲ್ಲಿ, ನಾಸಿಕ್‌ಗೆ, ಮೂರು ರಾತ್ರಿ.

ನಂದಿಯ ದಾರಿಗೆ ಸ್ವಂತ ಕಾರು ಸಾಕು. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್; ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಚನ್ನಪಟ್ಟಣದ ವೈನರಿಯನ್ನು ಮುಟ್ಟಬಹುದು. ಆದರೆ ಸ್ಟಿಯರಿಂಗ್ ಹಿಡಿದವರು ಅಂದು ರುಚಿ ನೋಡುವಂತಿಲ್ಲ, ಭಾವ ಬರೀ ಮೂಸಿ ನೋಡಿ ಲೋಟ ಕೆಳಗಿಟ್ಟರು. ಮರುದಿನ ಬಾಡಿಗೆ ಕಾರು ಮಾಡಿಕೊಂಡು ದೊಡ್ಡಬಳ್ಳಾಪುರದ ಕಡೆಗೆ, 1988ರಲ್ಲಿ ಕನ್ವಲ್ ಗ್ರೋವರ್ ಸ್ಥಾಪಿಸಿದ ವೈನರಿಗೆ ಹೋದೆವು. ಬಳ್ಳಿಗಳಲ್ಲಿ ಎಲೆ ದಟ್ಟವಾಗಿತ್ತು, ಗೊನೆ ಒಂದೂ ಇರಲಿಲ್ಲ. ದಕ್ಷಿಣ ಭಾರತದಲ್ಲಿ ವೈನ್ ದ್ರಾಕ್ಷಿಯ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್ ಸುಮಾರಿಗೆ ಸವರಿದ ಮೇಲೆ ಬರುವ ರೆಂಬೆಗಳು ಮಳೆಗಾಲದಲ್ಲಿ ಬಲಿಯುತ್ತವೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಸವರಿದ ನಂತರ ಚಿಗುರುವ ರೆಂಬೆಗಳಲ್ಲಿಯೇ ಹಣ್ಣು ಬಿಡುವುದು. ತೋಟಗಾರನಾದ ನನಗೆ ಇದನ್ನು ಕೇಳುವುದರಲ್ಲಿ ಖುಷಿಯಿತ್ತು. ಅಲ್ಲಿಯ ಲಾ ರಿಸರ್ವ್ ಎಂಬ ಕೆಂಪು ವೈನನ್ನು ನಾನು ಈಗಲೂ ಇಷ್ಟಪಟ್ಟು ತರಿಸುತ್ತೇನೆ.

ಕೊರತೆ ಇರುವುದು ಒಂದು ವೈನನ್ನು ಇನ್ನೊಂದರೊಡನೆ ಹೋಲಿಸುವುದರಲ್ಲಿ. ಚನ್ನಪಟ್ಟಣದಲ್ಲಿ ಕುಡಿದದ್ದರ ನೆನಪು ದೊಡ್ಡಬಳ್ಳಾಪುರ ತಲುಪುವಷ್ಟರಲ್ಲಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕರಗಿಹೋಗಿತ್ತು.

ನಾಸಿಕ್‌ನ ಕಥೆ ಬೇರೆ. ಕೊಡಗಿಗೆ ರೈಲಿಲ್ಲದ ಕಾರಣ ಮಂಗಳೂರಿಗೆ ಇಳಿದು, ಮುಂಬೈವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ನಾಲ್ಕು ಗಂಟೆ ಕಾರಿನಲ್ಲಿ ಕುಳಿತೆವು. ಹೋಗುವುದಕ್ಕೊಂದು, ಬರುವುದಕ್ಕೊಂದು ದಿನ ಪೂರ್ತಿ ಹೋಯಿತು, ಖರ್ಚೂ ನಂದಿಯ ಎರಡರಷ್ಟಕ್ಕಿಂತ ಹೆಚ್ಚಾಯಿತು. ಆದರೆ ಗಂಗಾಪುರ ಅಣೆಕಟ್ಟಿನ ಬಳಿ ಒಂದೇ ಕೋಣೆ ಹಿಡಿದು ಕುಳಿತರೆ, ರಾಜೀವ್ ಸಾಮಂತ್ 1999ರಲ್ಲಿ ಆರಂಭಿಸಿದ ಸುಲಾ, ಜೊತೆಗೆ ಯಾರ್ಕ್ ಮತ್ತು ಸೋಮಾ, ಮೂರು ವೈನರಿಗಳೂ ಹತ್ತಿರದಲ್ಲೇ ಸಿಗುತ್ತವೆ. ಬೆಳಿಗ್ಗೆ ಒಂದು ಕಡೆ ಸೋವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್ ಮೂಸಿ, ಅದೇ ಸಂಜೆ ಇನ್ನೊಂದು ಕಡೆ ಅದೇ ದ್ರಾಕ್ಷಿಯ ವೈನ್ ಮೂಸಿದಾಗ, ಒಂದರಲ್ಲಿ ನಮ್ಮ ಬೇಲಿಯ ಪ್ಯಾಶನ್ ಫ್ರೂಟಿನ ವಾಸನೆ ಎದ್ದುಕಂಡಿತು, ಇನ್ನೊಂದರಲ್ಲಿ ಆಗತಾನೆ ಕೊಯ್ದ ಹುಲ್ಲಿನದು.

ಶಿರಾಜ್ ಎಂಬ ದ್ರಾಕ್ಷಿಯ ಕೆಂಪು ವೈನಿನ ಲೋಟವನ್ನು ತಿರುಗಿಸಿ ಮೂಗಿನ ಬಳಿ ಹಿಡಿದ ಭಾವ, ‘ಇದು ನಮ್ಮ ಸಿಲ್ವರ್ ಓಕ್ ಮರದ ಬುಡದ ವಾಸನೆಯಲ್ವಾ?’ ಎಂದರು. ಅವರು ಹೇಳಿದ್ದು ಆ ಮರಕ್ಕೆ ಹಬ್ಬಿಸಿದ ಕಾಳುಮೆಣಸನ್ನು. ಅದು ಭ್ರಮೆಯಲ್ಲ: ರೋಟಂಡೋನ್ ಎಂಬ ಒಂದೇ ವಸ್ತು ಕಾಳುಮೆಣಸಿನಲ್ಲಿಯೂ ಶಿರಾಜ್‌ನಲ್ಲಿಯೂ ಇರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ಮೆಣಸು ಬೆಳೆಯುವವರ ಮೂಗಿಗೆ ಅದು ಬೇಗ ಸಿಗುತ್ತದೆ.

ಕುಯ್ಲಿನ ಕೊನೆಯ ದಿನಗಳಾದ್ದರಿಂದ ಹಣ್ಣಿನ ಕ್ರೇಟುಗಳು ಬಂದಿಳಿಯುವುದನ್ನು, ತೊಟ್ಟು ಬಿಡಿಸುವ ಯಂತ್ರದ ಪಕ್ಕದಲ್ಲೇ ನಿಂತು ನೋಡಿದೆವು. ಇಷ್ಟಾದರೂ ಒಂದು ಎಚ್ಚರಿಕೆ ಹೇಳಲೇಬೇಕು. ಶನಿವಾರ ಸಂಜೆ ಒಂದು ವೈನರಿಯಲ್ಲಿ ಜನ ಎಷ್ಟಿದ್ದರೆಂದರೆ, ಕಾದಿರಿಸಿದ್ದ ನಮ್ಮ ಸರದಿ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು, ಐದು ವೈನ್‌ಗಳನ್ನು ಹತ್ತೇ ನಿಮಿಷದಲ್ಲಿ ಮುಗಿಸಿ ಏಳಿಸಿದರು. ಸೋಮವಾರ ಬೇರೊಂದು ಕಡೆ ನಾವಿಬ್ಬರೇ ಇದ್ದೆವು. ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು, ಕಾಫಿ ಕಪ್ಪಿಂಗ್‌ನಲ್ಲಿ, ಅಂದರೆ ಕಾಫಿಯ ರುಚಿ ಪರೀಕ್ಷೆಯಲ್ಲಿ, ಮಾಡುವಂತೆ ಬಾಯಲ್ಲಿ ಹೊರಳಿಸಿ ಉಗಿಯಲು ಪಾತ್ರೆಯನ್ನೂ ತಂದಿಟ್ಟರು. ಉಗಿಯಲು ಸಂಕೋಚಪಟ್ಟರೆ ಮೂರನೆಯ ಲೋಟದ ನಂತರ ಎಲ್ಲವೂ ಒಂದೇ ರುಚಿಯಾಗುತ್ತದೆ.

ಎರಡು ದಿನಗಳಷ್ಟೇ ಬಿಡುವಿರುವವರಿಗೆ, ಅದರಲ್ಲೂ ಮನೆಯ ಹಿರಿಯರನ್ನು ಕರೆದೊಯ್ಯುವವರಿಗೆ, ನಾನು ನಂದಿಯನ್ನೇ ಹೇಳುತ್ತೇನೆ. ಆದರೆ ಆಗಸ್ಟ್ ಬೇಡ, ಫೆಬ್ರವರಿ ಇರಲಿ. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಸಿಹಿಯಾದ ಹೋಮ್ ಮೇಡ್ ವೈನನ್ನಷ್ಟೇ ಕುಡಿದು ಗೊತ್ತಿರುವವರು ಮಾತ್ರ, ಒಂದು ವರ್ಷ ಕಾದು ಹಣ ಕೂಡಿಟ್ಟಾದರೂ ನಾಸಿಕ್‌ಗೆ ಹೋಗಬೇಕು. ಒಂದು ದ್ರಾಕ್ಷಿಗೂ ಇನ್ನೊಂದಕ್ಕೂ ಇರುವ ಅಂತರ ಅಲ್ಲಿ ಎರಡೇ ದಿನದಲ್ಲಿ ನಾಲಗೆಗೆ ತಿಳಿಯುತ್ತದೆ. ಭಾನುವಾರ ರಾತ್ರಿ ತಲುಪಿ, ಗುರುವಾರ ಬೆಳಿಗ್ಗೆ ಹೊರಡುವಂತೆ ಟಿಕೆಟ್ ಮಾಡಿಸಿ. ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ನಂದಿಯಿಂದ ತಂದ ಎರಡು ಬಾಟಲಿಗಳನ್ನು ನಾವು ದಾರಿಯಲ್ಲಿ ಊಟಕ್ಕಿಳಿದಾಗ ಹಾಗೆ ಬಿಟ್ಟೇ ಕಳೆದುಕೊಂಡೆವು.