ಸಿವಿಲ್ ರೈಟ್ಸ್ ಹಿಸ್ಟರಿ ಪ್ರಾಜೆಕ್ಟ್: ಫ್ರೀನೇ, ಆದ್ರೆ ಪುರುಸೊತ್ತು ಮಾಡ್ಕೊಂಡು ಕೂರ್ಬೇಕು

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು, ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆ ಸೇರಿ ಮಾಡಿರೋ ವಿಡಿಯೋ ಸಂದರ್ಶನಗಳ ಸಂಗ್ರಹ ಇದು. 2009ರಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಿ ಶುರು ಮಾಡ್ಸಿದ್ದು. ಕಪ್ಪು ಜನರ ನಾಗರಿಕ ಹಕ್ಕಿಗೆ ಹೋರಾಡಿದ ನೂರಕ್ಕೂ ಹೆಚ್ಚು ಜನ ವಯಸ್ಸಾದ್ಮೇಲೆ ಕೂತು ಮಾತಾಡಿದ್ದಾರೆ, ಅದ್ರಲ್ಲಿ ಆವಾಗ ಸ್ಟೂಡೆಂಟ್ಸ್ ಆಗಿದ್ದವ್ರು ಬೇಕಾದಷ್ಟು ಜನ. ನೋಡೋಕೆ ದುಡ್ಡು ಕೊಡೋದೇನಿಲ್ಲ.

1960 ಫೆಬ್ರವರಿ 1ಕ್ಕೆ ಗ್ರೀನ್ಸ್‌ಬರೋದಲ್ಲಿ ನಾಲ್ಕು ಕಪ್ಪು ಹುಡುಗ್ರು ವೂಲ್‌ವರ್ತ್ ಅಂಗಡಿಯ ಬಿಳಿಯರಿಗೆ ಮಾತ್ರ ಅಂತಿದ್ದ ಲಂಚ್ ಕೌಂಟರಲ್ಲಿ ಕೂತಿದ್ದು, ಏಪ್ರಿಲಲ್ಲಿ ಹೋರಾಟಗಾರ್ತಿ ಎಲಾ ಬೇಕರ್ ಕರೆದ ಸಭೇಲಿ ಎಸ್‌ಎನ್‌ಸಿಸಿ ಅನ್ನೋ ವಿದ್ಯಾರ್ಥಿ ಹೋರಾಟದ ಸಂಘಟನೆ ಹುಟ್ಟಿದ್ದು, ಇದೆಲ್ಲ ಯಾವ್ ಪುಸ್ತಕ ತೆಗೆದ್ರೂ ಸಿಗುತ್ತೆ ಬಿಡಿ. ನಂಗೆ ಇಲ್ಲಿ ಹಿಡಿಸಿದ್ದು ಮನೆ ವಿಷಯ, ಅಂದ್ರೆ ಮಕ್ಕಳು ಬೀದಿಗಿಳಿಯೋ ಮುಂಚೆ ಅಪ್ಪ ಅಮ್ಮ ಏನಂದ್ರು ಅನ್ನೋದು.

ಮಿಸಿಸಿಪ್ಪಿಯ ಅಕ್ಕ ತಂಗಿ ಡೋರಿ ಮತ್ತೆ ಜಾಯ್ಸ್ ಲ್ಯಾಡ್ನರ್ ಒಟ್ಟಿಗೇ ಕೂತು ಮಾತಾಡಿರೋದು ನೋಡಿ, ಚಿಕ್ಕ ವಯಸ್ಸಲ್ಲಿ ಡೋರಿ ಮೈ ಮುಟ್ಟೋಕೆ ಬಂದ ಬಿಳಿ ಅಂಗಡಿಯವನಿಗೆ ತಿರುಗಿ ಬಾರಿಸಿ ಮನೆಗೆ ಬಂದು ಹೇಳಿದ್ರೆ ಅವ್ರಮ್ಮ ಬೈಲಿಲ್ಲ, ಅವನನ್ನ ಕೊಂದೇ ಹಾಕ್ಬೇಕಿತ್ತು ಅಂದ್ರಂತೆ! ಅಂಥ ಅಮ್ಮನ ಮಕ್ಕಳು 1961ರಲ್ಲಿ ಬಿಳಿಯರ ಲೈಬ್ರರಿಲಿ ಕೂತು ಅರೆಸ್ಟ್ ಆದ ಟೂಗಲೂ ಕಾಲೇಜಿನ ಒಂಬತ್ತು ಕಪ್ಪು ವಿದ್ಯಾರ್ಥಿಗಳ ಪರ ನಿಂತು ತಮ್ಮ ಕಾಲೇಜಿಂದ ಹೊರಗೆ ಹಾಕ್ಸಿಕೊಂಡಿದ್ದು ಆಶ್ಚರ್ಯ ಅಲ್ವೇ ಅಲ್ಲ.

ಫ್ರೀಮನ್ ಹ್ರಬೋಸ್ಕಿದು ಇದಕ್ಕೆ ಉಲ್ಟಾ. 1963ರ ಅಲಬಾಮಾದ ಬರ್ಮಿಂಗ್‌ಹ್ಯಾಮು, ಹುಡುಗನಿಗೆ ಹನ್ನೆರಡು, ಲೆಕ್ಕ ಅಂದ್ರೆ ಪ್ರಾಣ. ನಾಗರಿಕ ಹಕ್ಕಿನ ಮಕ್ಕಳ ಮೆರವಣಿಗೆಗೆ ಹೋಗ್ತೀನಿ ಅಂದ್ರೆ ಮನೇಲಿ ಮೊದ್ಲು ಬೇಡ ಅಂದು, ರಾತ್ರಿಯೆಲ್ಲ ಒದ್ದಾಡಿ, ಬೆಳಗ್ಗೆ ಹೂಂ ಅಂದ್ರು. ಪೊಲೀಸ್ ಇಲಾಖೆ ನಡೆಸ್ತಿದ್ದ ಬುಲ್ ಕಾನರ್ ಆ ಮಗು ಮುಖಕ್ಕೆ ಉಗಿದ, ಐದು ದಿನ ಜೈಲು. ಮಗನ್ನ ಕಳಿಸಿದ ಮೇಲೆ ಆ ಅಪ್ಪ ಅಮ್ಮ ಹೇಗಿದ್ರೋ.

ಕಷ್ಟ ಅಂದ್ರೆ ಉದ್ದ. ಹಾಡು ಕುಣಿತ, ಹಳೇ ಫುಟೇಜು ಹಾಕಿ ಮಜಾ ಮಾಡಿಲ್ಲ, ಸುಮ್ನೆ ಒಬ್ರು ಮಾತಾಡ್ತಾರೆ ಅಷ್ಟೇ. ಅಮೆರಿಕದ ದಕ್ಷಿಣದವ್ರ ಇಂಗ್ಲಿಷು ಕಿವಿಗೆ ಒಗ್ಗೋಕೆ ಟೈಮ್ ಬೇಕು, ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಕೊಳ್ಳಿ. ಐವತ್ತು ವರ್ಷದ ಹಿಂದಿನ ನೆನಪು ಬೇರೆ, ತಾರೀಕು ಬೇಕಿದ್ರೆ ಇನ್ನೊಂದು ಕಡೆ ತಾಳೆ ನೋಡ್ಕೊಳ್ಳೋದು ಒಳ್ಳೇದು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಹೊಸಬ್ರು ಲ್ಯಾಡ್ನರ್ ಅಕ್ಕ ತಂಗೀರಿಂದಾನೇ ಶುರು ಮಾಡಿ, ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ಹೇಳೋಕಿರೋದ್ರಿಂದ ಬೋರ್ ಆಗಲ್ಲ.