‘ಎಲ್ಲ ಎಂಜಿಬಿಗಳಿಗೂ ಹೊಂದುತ್ತದೆ’ ಎಂದು ಮಾರುವ ಸ್ಪ್ರಿಂಗ್‌ಗಳ ಬಗ್ಗೆ ಎಚ್ಚರವಿರಲಿ
ಇಂಗ್ಲೆಂಡಿನಲ್ಲಿ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಕನ್ನಡಿಗರು ಹಿಂಬದಿಯ ಸ್ಪ್ರಿಂಗ್ ತರಿಸುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ನನ್ನದು 1972ರ ಜಿಟಿ, ಅಂದರೆ ಗಟ್ಟಿ ಛಾವಣಿಯ ಮಾದರಿ. ಲಾರಿಗಳಲ್ಲಿರುವಂತೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಅದರ ಲೀಫ್ ಸ್ಪ್ರಿಂಗ್‌ಗಳು ಕುಸಿದಿದ್ದರಿಂದ, ‘1962ರಿಂದ 1980ರವರೆಗಿನ ಎಲ್ಲ ಎಂಜಿಬಿಗಳಿಗೆ’ ಎಂದು ಆನ್‌ಲೈನ್ ಅಂಗಡಿಯೊಂದು ಮಾರುತ್ತಿದ್ದ ಜೋಡಿಯನ್ನು ತರಿಸಿ ಹಾಕಿಸಿದೆ. ಜಾಕ್ ಇಳಿಸಿದಾಗ ಕಾರಿನ ಹಿಂಭಾಗ ಎದ್ದು ನಿಂತಿತ್ತು, ಮೂತಿ ನೆಲ ನೋಡುತ್ತಿತ್ತು, ಹಿಂದಿನ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಮುಷ್ಟಿ ಸಲೀಸಾಗಿ ತೂರುತ್ತಿತ್ತು.

ಕಾರಣ ಸರಳ. ಅಮೆರಿಕದ ಬಂಪರ್ ನಿಯಮಗಳಿಗಾಗಿ 1974ರ ಕೊನೆಯ ಭಾಗದಲ್ಲಿ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂದಾಗ, ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಲಾಯಿತು. ಮುಂದೆ ಸಸ್ಪೆನ್ಷನ್ ಹೊರುವ ಅಡ್ಡ ತೊಲೆಯಾದ ಕ್ರಾಸ್‌ಮೆಂಬರನ್ನು ಬದಲಿಸಿ, ಹಿಂದೆ ಹೆಚ್ಚು ಬಾಗಿದ ಸ್ಪ್ರಿಂಗ್ ಕೊಟ್ಟು ಆ ಎತ್ತರ ಸಾಧಿಸಿದರು. ನನಗೆ ಬಂದದ್ದು ಆ ಎತ್ತರದ ಸ್ಪ್ರಿಂಗ್.

ಮಾರಿದವರು ಮೊದಲು ‘ಓಡಿಸುತ್ತಿದ್ದರೆ ಕೂರುತ್ತದೆ’ ಎಂದರು. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ನಿಜವಾದ್ದರಿಂದಲೇ ಈ ಮಾತು ನಂಬಿಸುತ್ತದೆ, ಆದರೆ ಒಂದೂವರೆ ಇಂಚು ಕೂರುವ ಸ್ಪ್ರಿಂಗ್ ಇದ್ದರೆ ಅದನ್ನೂ ಕೊಳ್ಳಬಾರದು. ಆಮೇಲೆ ‘ಒಮ್ಮೆ ಜೋಡಿಸಿದ್ದನ್ನು ವಾಪಸು ಪಡೆಯುವುದಿಲ್ಲ’ ಎಂಬ ರಾಗ. ಸರಕು ವಿವರಣೆಗೆ ತಕ್ಕಂತಿರಬೇಕೆಂದು, ಇಲ್ಲದಿದ್ದರೆ 30 ದಿನಗಳೊಳಗೆ ತಿರಸ್ಕರಿಸಬಹುದೆಂದು ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ ಎಂದು ಬರೆದ ಮೇಲೆ ಸ್ಪ್ರಿಂಗ್‌ಗಳ ಹಣ ಬಂತು. ಗ್ಯಾರೇಜಿನ ಕೂಲಿ ಬರಲಿಲ್ಲ.

ಹಳೆಯದರ ಪಕ್ಕ ಹೊಸದನ್ನಿಟ್ಟು ಹೋಲಿಸಿದರೆ ಸಾಲದು, ಏಕೆಂದರೆ ಕುಸಿದ ಸ್ಪ್ರಿಂಗಿನ ಪಕ್ಕ ಸರಿಯಾದದ್ದೂ ಹೆಚ್ಚು ಬಾಗಿದಂತೆಯೇ ಕಾಣುತ್ತದೆ. ಭಾರವಿಲ್ಲದಾಗಿನ ಬಾಗು ಎಷ್ಟು, ಒಂದು ಇಂಚು ಒತ್ತಲು ಎಷ್ಟು ಪೌಂಡ್ ಭಾರ ಬೇಕು, ಯಾವ ಬಂಪರಿನ ಕಾರಿಗೆ, ರೋಡ್‌ಸ್ಟರಿಗೋ (ತೆರೆದ ಛಾವಣಿಯ ಮಾದರಿ) ಜಿಟಿಗೋ ಎಂಬುದನ್ನು ಅಂಗಡಿಯವರಿಂದ ಬರಹದಲ್ಲೇ ಪಡೆಯಿರಿ. ಮುಂದಿನ ಕಾಯಿಲ್ ಸ್ಪ್ರಿಂಗ್‌ಗಳೂ ರೋಡ್‌ಸ್ಟರಿಗೆ ಬೇರೆ, ಜಿಟಿಗೆ ಬೇರೆ. ರಬ್ಬರ್ ಬಂಪರ್ ಕಾರಿಗೆ ನಂತರ ಕ್ರೋಮ್ ಹಾಕಿಸಿದವರು ಬಹಳ ಮಂದಿ ಇರುವುದರಿಂದ, ಬಂಪರ್ ನೋಡಿ ವರ್ಷ ಊಹಿಸದೆ ಷಾಸಿ ನಂಬರನ್ನೇ ಕೊಡಿ. ಸರಿಯಾದ ಜೋಡಿ ಬಂದ ಮೇಲೆಯೂ ಸ್ಪ್ರಿಂಗಿನ ತುದಿಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಚಕ್ರಗಳ ಮೇಲೆ ನಿಂತಾಗ ಮಾತ್ರ ಪೂರ್ತಿ ಬಿಗಿಸಬೇಕು. ಗಾಳಿಯಲ್ಲಿ ತೂಗಾಡುವಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡೇ ಉಳಿದು, ಎತ್ತರವೂ ತಪ್ಪಾಗಿ ತೋರುತ್ತದೆ.